‘ಹುಲಿಗೆಮ್ಮ’ ಅನ್ನೋಕೆ ಬರಲ್ಲವೋ, ಅನ್ನೋ ಮನಸ್ಸಿಲ್ಲವೋ?

ಪ್ರಶ್ನೆ: ನನ್ನ ಹೆಸರು ಹುಲಿಗೆಮ್ಮ. ಊರು ಕೊಪ್ಪಳ ತಾಲೂಕಿನ ಒಂದು ಹಳ್ಳಿ. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಖಾಸಗಿ ಕೆಲಸ. ಆಫೀಸಿನಲ್ಲಿ ಒಬ್ಬರು ‘ಹುಲಿಗಮ್ಮಾ’ ಅಂತಾರೆ, ಒಬ್ಬರು ‘ಹುಲಿಜೆಮ್ಮ’ ಅಂತಾರೆ, ಟೀಮ್ ಲೀಡರ್ ಅಂತೂ ಬರೀ ‘ಹುಲಿ’ ಅಂದು ನಗ್ತಾರೆ. ಕಾಗದದಲ್ಲೂ ಇದೇ ಹಾಡು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಸರಿ ಇದೆ, ಆಧಾರ್‌ನಲ್ಲಿ ‘ಹುಲ್ಗೆಮ್ಮ’, ಪಿಎಫ್‌ನಲ್ಲಿ ‘ಹುಲಿಗಮ್ಮ’. ಅಪ್ಪನ ಹೆಸರು ಪಹಣಿಯಲ್ಲಿ ಯಂಕಪ್ಪ, ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ವೆಂಕಪ್ಪ. ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳೋದು ಅತಿಯಾಯ್ತಾ? ಸುಮ್ಮನೆ ‘ಹೇಮಾ’ ಅಂತ ಬದಲಿಸಿಕೊಂಡುಬಿಡಲಾ? ಅಣ್ಣನ ಮಗಳು ಮುಂದಿನ ಜೂನ್‌ಗೆ ಒಂದನೇ ಕ್ಲಾಸಿಗೆ ಸೇರ್ತಾಳೆ, ಅವಳಿಗಾದರೂ ಈ ಗೋಳು ಬೇಡ. ಏನು ಮಾಡಬೇಕು?

ಉತ್ತರ: ಹುಲಿಗೆಮ್ಮ ಅವರೆ, ಅತಿಯೇನೂ ಆಗಿಲ್ಲ.

ಗಂಗಾವತಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಯಾರು ಏನು ಮಾತಾಡಿದರೂ ನಿಮಗೆ ಕೇಳಿಸುವುದಿಲ್ಲ. ಅದೇ ಗದ್ದಲದಲ್ಲಿ ದೂರದಿಂದ ಒಬ್ಬರು ‘ಹುಲಿಗೆಮ್ಮಾ’ ಅಂದರೆ ಕುತ್ತಿಗೆ ತಾನೇ ತಿರುಗುತ್ತದೆ. ಮನೋವಿಜ್ಞಾನಿ ನೆವಿಲ್ ಮೋರೆ 1959ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದನ್ನು ಮಾತ್ರ ಗಮನವಿಟ್ಟು ಹೇಳಿ ಅಂದಾಗ ಇನ್ನೊಂದು ಕಿವಿಗೆ ಬಿದ್ದ ಮಾತು ಜನರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಅದರಲ್ಲಿ ತಮ್ಮ ಹೆಸರು ಬಂದಾಗ ಕೆಲವರು ಅದನ್ನು ಹಿಡಿದರು. ಇನ್ನೂ ಹಿಂದಕ್ಕೆ ಹೋದರೆ, ನಾಲ್ಕೂವರೆ ತಿಂಗಳ ಕೂಸು ತನ್ನ ಹೆಸರಿನ ಸದ್ದನ್ನು ಬೇರೆ ಹೆಸರುಗಳಿಂದ ಬೇರ್ಪಡಿಸುತ್ತದೆ ಎಂದು 1995ರ ಒಂದು ಅಧ್ಯಯನ ತೋರಿಸಿತು. ‘ಅಮ್ಮ’ ಅನ್ನಲು ಬರುವ ಮೊದಲೇ ಕಿವಿಗೆ ತನ್ನ ಹೆಸರು ಗೊತ್ತು. ಬೆಲ್ಜಿಯಂನ ಯೋಸೆಫ್ ನುಟಿನ್ 1985ರಲ್ಲಿ ಕಂಡುಕೊಂಡದ್ದು ಮತ್ತೊಂದು: ಅಕ್ಷರಗಳ ರಾಶಿಯಿಂದ ಇಷ್ಟವಾದದ್ದನ್ನು ಆರಿಸಿ ಅಂದರೆ ಜನ ತಮಗೇ ತಿಳಿಯದೆ ತಮ್ಮ ಹೆಸರಿನ ಅಕ್ಷರಗಳ ಕಡೆ ವಾಲುತ್ತಾರೆ.

ಹೀಗೆ ಕಿವಿ ಕಾಯುತ್ತಿರುವಾಗ ‘ಹುಲಿಜೆಮ್ಮ’ ಅಂತ ಬಂದರೆ ಏನಾಗುತ್ತದೆ? ಅರ್ಧ ತಿರುಗಿದ ಕುತ್ತಿಗೆ ಅಲ್ಲೇ ನಿಲ್ಲುತ್ತದೆ. ನನ್ನನ್ನೇ ಕರೆದರಾ, ತಿದ್ದಲಾ, ನುಂಗಿಕೊಳ್ಳಲಾ, ತಿದ್ದಿದರೆ ಕಿರಿಕಿರಿ ಅಂದುಕೊಳ್ಳುತ್ತಾರಾ ಎಂಬ ಲೆಕ್ಕಾಚಾರ ಒಂದು ಸೆಕೆಂಡಿನಲ್ಲಿ ನಡೆದುಹೋಗುತ್ತದೆ. ತಪ್ಪು ಅಂದವರಿಗೆ ಖರ್ಚಿಲ್ಲ, ಹೆಸರಿನವರಿಗೆ ಖರ್ಚು. ದಿನಕ್ಕೆ ಆರು ಸಲ, ಎರಡು ವರ್ಷ ಇದು ನಡೆದರೆ ದಣಿವಾಗುವುದು ಸಹಜ. ಶಾಲಾ ಮಕ್ಕಳ ವಿಷಯದಲ್ಲಿ ಅಮೆರಿಕದ ರೀಟಾ ಕೋಹ್ಲಿ ಮತ್ತು ಡ್ಯಾನಿಯಲ್ ಸೊಲೊರ್ಜಾನೊ 2012ರಲ್ಲಿ ಬರೆದದ್ದೂ ಇದನ್ನೇ. ಮೇಷ್ಟ್ರು ಹೆಸರು ಕೆಡಿಸಿದಾಗ ಮಕ್ಕಳು ಮೇಷ್ಟ್ರ ಬಗ್ಗೆ ಸಿಟ್ಟಾಗುವುದಕ್ಕಿಂತ ಹೆಚ್ಚಾಗಿ ತಮ್ಮ ಹೆಸರಿಗೇ ನಾಚಲು ಶುರುಮಾಡುತ್ತಾರೆ. ನಿಮ್ಮ ‘ಹೇಮಾ’ ವಿಚಾರ ಎಲ್ಲಿಂದ ಬಂತು ಅನ್ನುವುದಕ್ಕೆ ಇದರಲ್ಲಿ ಅರ್ಧ ಉತ್ತರ ಇದೆ.

ಉಳಿದರ್ಧ ನಿಮ್ಮ ಹೆಸರಿನಲ್ಲೇ ಇದೆ. ಬೆಂಗಳೂರಿನವರಿಗೆ ಅದು ಒಂದು ಹಳೇ ಕಾಲದ ಹೆಸರು. ಕೊಪ್ಪಳದ ಕಡೆಯವರಿಗೆ ತುಂಗಭದ್ರೆಯ ದಂಡೆಯ ಹುಲಿಗಿಯ ದೇವಿ, ಹುಣ್ಣಿಮೆಯ ಜನಜಂಗುಳಿ, ಮಗು ಉಳಿದರೆ ನಿನ್ನ ಹೆಸರಿಡುತ್ತೇನೆ ಅಂದ ಯಾರದೋ ಹರಕೆ. ಗವಿಸಿದ್ದಪ್ಪ ಅಂದರೆ ಕೊಪ್ಪಳದ ಗವಿಮಠ, ಅಮರೇಶ ಅಂದರೆ ಲಿಂಗಸೂಗೂರು ತಾಲೂಕಿನ ಗುರುಗುಂಟ, ಪಂಪಾಪತಿ ಅಂದರೆ ಹಂಪಿ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹೆಸರು ಕೇಳಿದರೆ ಸಾಕು, ಮನೆದೇವರು ಎಲ್ಲಿ ಎಂದು ಅಂದಾಜು ಸಿಗುತ್ತದೆ. ಮೊಹರಂ ಹರಕೆಗೆ ಹುಟ್ಟಿದ ಹುಸೇನಪ್ಪ, ಫಕೀರಪ್ಪ ಅವರ ಪಾಡು ಇನ್ನೊಂದು ಬಗೆಯದು. ಅವರ ಹೆಸರನ್ನು ಹೊರಗಿನವರು ತಪ್ಪಾಗಿ ಅನ್ನುವುದು ಕಡಿಮೆ, ‘ನೀವು ಯಾರು?’ ಅಂತ ಎರಡನೇ ಸಲ ಕೇಳುವುದೇ ಹೆಚ್ಚು.

ಈಗ ನಿಮ್ಮ ಆಫೀಸಿಗೆ ಬರೋಣ. ಮೂವರು ಮೂರು ಥರ ತಪ್ಪು ಮಾಡುತ್ತಿದ್ದಾರೆ, ಮೂರಕ್ಕೂ ಮದ್ದು ಬೇರೆ.

‘ಹುಲಿಗಮ್ಮಾ’ ಅನ್ನುವವರು ಬಹುಶಃ ಹಿಂದಿ ಮಾತಾಡುವವರು. ಹಿಂದಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಬರೆಯಲು ಅಕ್ಷರವೇ ಇಲ್ಲ. ‘ಗೆ’ ಅವರ ಬಾಯಲ್ಲಿ ಒಂದೋ ‘ಗೇ’ ಆಗಬೇಕು, ಇಲ್ಲ ‘ಗ’ ಆಗಬೇಕು. ‘ಅಮ್ಮಾ’ ಅವರಿಗೆ ಗೊತ್ತಿರುವ ಪದ, ಹಾಗಾಗಿ ಹುಲಿಗ, ಅಮ್ಮಾ ಎಂದು ಎರಡು ತುಂಡು ಮಾಡಿ ಜೋಡಿಸುತ್ತಾರೆ. ಬಸವರಾಜ ‘ಬಸವ್‌ರಾಜ್’ ಆಗುವುದು ಇದೇ ಜಾತಿಯ ತಪ್ಪು. ಪದದ ಕೊನೆಯ, ನಡುವಿನ ‘ಅ’ ನುಂಗುವುದು ಆ ಭಾಷೆಯ ಅಭ್ಯಾಸ. ನಮ್ಮ ಗೀತಾ, ಲತಾ ಹೆಸರುಗಳಲ್ಲಿ ತ-ಕಾರಕ್ಕೆ ಇಂಗ್ಲಿಷ್‌ನಲ್ಲಿ ಟಿ, ಎಚ್ ಎರಡನ್ನೂ ಬರೆಯುವುದು ದಕ್ಷಿಣದ ರೂಢಿ. ಉತ್ತರದವರು ಅದನ್ನು ‘ಗೀಥಾ’, ‘ಲಥಾ’ ಅಂತ ಓದುತ್ತಾರೆ. ಇದು ಬಾಯಿ ಒಗ್ಗದ ತಪ್ಪು, ಇದರಲ್ಲಿ ಅವಮಾನ ಹುಡುಕಬೇಡಿ. ನಾವೇನು ಕಡಿಮೆ? ಬಳ್ಳಾರಿ ಕಡೆಯ ಹಳ್ಳಿ ಮಾತಿನಲ್ಲಿ ‘ಹ’ ಬಿಟ್ಟುಹೋಗಿ ಹಾಲು ‘ಆಲು’ ಆಗುತ್ತದೆ. ಅಲ್ಲಿ ಹೋದರೆ ನೀವೇ ‘ಉಲಿಗೆಮ್ಮ’ ಆಗುತ್ತೀರಿ, ಅದೂ ಪ್ರೀತಿಯಿಂದ.

‘ಹುಲಿಜೆಮ್ಮ’ ಅನ್ನುವವರು ನಿಮ್ಮ ಹೆಸರನ್ನು ಕಿವಿಯಿಂದ ಕೇಳಿಯೇ ಇಲ್ಲ, ಪರದೆಯ ಮೇಲೆ ಓದಿದ್ದಾರೆ. ಇಂಗ್ಲಿಷ್‌ನಲ್ಲಿ ಜಿ ಆದ ಮೇಲೆ ಇ ಬಂದರೆ ಎಷ್ಟೋ ಪದಗಳಲ್ಲಿ ‘ಜೆ’ ಅನ್ನಬೇಕು. ಅದರ ಮೇಲೆ ನಿಮ್ಮ ಹೆಸರಿನ ನಟ್ಟನಡುವೆ ರತ್ನ ಎಂಬ ಅರ್ಥದ ‘ಜೆಮ್’ ಪದವೇ ಕೂತಿದೆ. ಕಣ್ಣಿಗೆ ಅದೇ ಮೊದಲು ಬೀಳುತ್ತದೆ. ಇದು ಒಂದೇ ಒಂದು ಸಲ ಕೇಳಿಸಿದರೆ ಸರಿಹೋಗುವ ತಪ್ಪು.

ಮೂರನೆಯದು, ‘ಹುಲಿ’ ಅಂದು ನಗುವುದು. ಇದಕ್ಕೂ ನಾಲಿಗೆಗೂ ಸಂಬಂಧವಿಲ್ಲ. ಹು, ಲಿ ಎರಡನ್ನೂ ಅವರು ಸರಿಯಾಗಿಯೇ ಅನ್ನುತ್ತಿದ್ದಾರೆ!

ಬರುವುದಿಲ್ಲವೋ, ಮನಸ್ಸಿಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಕ್ರಿಕೆಟಿಗ ಫಾಫ್ ಡು ಪ್ಲೆಸಿಸ್ 2022ರಲ್ಲಿ ಐಪಿಎಲ್‌ನ ಬೆಂಗಳೂರು ತಂಡದ ನಾಯಕರಾದರು. ಆ ಹೆಸರಿನ ಕೊನೆಯ ‘ಸ್’ ನುಂಗಿ ‘ಡು ಪ್ಲೆಸಿ’ ಅನ್ನಬೇಕು ಎಂಬುದನ್ನು ಬೆಂಗಳೂರಿನ ಹುಡುಗರು ಎಷ್ಟು ಬೇಗ ಕಲಿತರು ನೋಡಿ. ದಕ್ಷಿಣ ಆಫ್ರಿಕಾದವರ ಹೆಸರಿಗೆ ನಾಲಿಗೆ ಹೊರಳಿಸಿದವರು ಕೊಪ್ಪಳದ ಹೆಸರಿಗೆ ಮಾತ್ರ ‘ತುಂಬಾ ಕಷ್ಟ’ ಅಂದರೆ, ಕಷ್ಟ ಬೇರೆ ಎಲ್ಲೋ ಇದೆ. ಎರಡು ಸಲ ಸರಿಯಾಗಿ ಹೇಳಿಕೊಟ್ಟ ಮೇಲೂ ಪ್ರಯತ್ನವೇ ಕಾಣದಿದ್ದರೆ ಅದನ್ನು ಮರೆವು ಅನ್ನಬೇಡಿ. ಪ್ರಯತ್ನಪಟ್ಟೂ ತಪ್ಪುವವರನ್ನು ಬಿಟ್ಟುಬಿಡಿ. ನಾಲ್ಕನೇ ಸಲವೂ ‘ಗೇ’ ಅಂತಲೇ ಬಂದರೆ ಅದು ಅವರ ನಾಲಿಗೆಯ ಮಿತಿ.

ತಿದ್ದುವುದು ಹೇಗೆ ಅಂದರೆ, ಬೇಗ ತಿದ್ದಬೇಕು. ಮೊದಲ ದಿನ ತಿದ್ದಿದರೆ ಎರಡು ಸೆಕೆಂಡಿನ ಮಾತು, ಎರಡು ವರ್ಷ ಬಿಟ್ಟು ತಿದ್ದಿದರೆ ಎದುರಿನವರಿಗೂ ಮುಜುಗರ. ನಿಮಗೆ ಎರಡು ವರ್ಷ ಆಗಿಹೋಗಿದೆ, ಆದ್ದರಿಂದ ಒಂದು ನೆಪ ಬೇಕು. ಹೊಸ ಪ್ರಾಜೆಕ್ಟ್, ಹೊಸಬರ ಪರಿಚಯದ ಮೀಟಿಂಗ್, ಹೊಸ ಐಡಿ ಕಾರ್ಡ್ ಯಾವುದಾದರೂ ಸರಿ. ಅಲ್ಲಿ ಹೆಸರನ್ನು ಎರಡು ಸಲ ಹೇಳಿ. ಮೊದಲು ಬಿಡಿಸಿ, ‘ಹುಲಿ, ಗೆಮ್ಮ’. ಆಮೇಲೆ ಕೂಡಿಸಿ, ‘ಹುಲಿಗೆಮ್ಮ’. ‘ಗೆ’ ಯಾವುದು ಅಂದರೆ ಕನ್ನಡ ಬಲ್ಲವರಿಗೆ ‘ಗೆಳತಿಯ ಗೆ’ ಅನ್ನಿ. ಹಿಂದಿಯವರಿಗೆ ಇಂಗ್ಲಿಷ್ ‘ಗೆಟ್’ ಪದದ ಗೆ ಅಂದರೆ ತಕ್ಷಣ ಹಿಡಿಯುತ್ತಾರೆ, ಯಾಕೆಂದರೆ ಆ ಹ್ರಸ್ವ ಎ ಅವರಿಗೆ ಇಂಗ್ಲಿಷ್‌ನಿಂದ ಪರಿಚಯ ಇದೆ. ಜಿ, ಇ ಕೂಡಿದರೂ ‘ಜೆ’ ಆಗದ ಪದ ಅದು, ಹಾಗಾಗಿ ಜೆಮ್ಮ ಅನ್ನುವವರಿಗೂ ಅದೇ ಕೀಲಿಕೈ.

‘ಸಾರಿ’ ಸೇರಿಸಬೇಡಿ. ‘ನನ್ನ ಹೆಸರು ಸ್ವಲ್ಪ ಕಷ್ಟ’ ಅಂತ ಶುರುಮಾಡಲೇಬೇಡಿ. ಹಾಗಂದ ಕೂಡಲೇ ಎದುರಿನವರಿಗೆ ತಪ್ಪಲು ಪರವಾನಗಿ ಕೊಟ್ಟ ಹಾಗೆ. ನಾಲ್ಕು ಅಕ್ಷರದ ಹೆಸರು ಅದು, ಎಲ್ಲಿಯ ಕಷ್ಟ? ನಗೆಮಾತಾಡಿ ತಿದ್ದಿದರೂ ಉಪಯೋಗವಿಲ್ಲ, ನಗೆ ಉಳಿಯುತ್ತದೆ, ತಿದ್ದಿದ್ದು ಹಾರಿಹೋಗುತ್ತದೆ. ಈಮೇಲ್‌ನ ಕೊನೆಯ ಸಹಿಯಲ್ಲಿ ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡದಲ್ಲೂ ಬರೆಯಿರಿ. ಕನ್ನಡ ಓದಲು ಬರುವ ಅರ್ಧ ಆಫೀಸು ಅದರಿಂದಲೇ ಸರಿಹೋಗುತ್ತದೆ.

ಟೀಮ್ ಲೀಡರ್ ಜೊತೆ ಎಲ್ಲರೆದುರು ಮಾತು ಬೇಡ. ಒಬ್ಬರೇ ಇದ್ದಾಗ ಹೇಳಿ: ‘ಸರ್, ನನ್ನ ಪೂರ್ತಿ ಹೆಸರು ಹುಲಿಗೆಮ್ಮ. ಹಾಗೇ ಕರೀರಿ, ಬರೀ ಹುಲಿ ಅನ್ನೋದು ನನಗೆ ಇಷ್ಟ ಆಗಲ್ಲ.’ ಕಾರಣ ಕೊಡಬೇಡಿ. ದೇವಿಯ ಹೆಸರು, ಹರಕೆ ಎಂದೆಲ್ಲ ವಿವರಿಸಿದರೆ ಮಾತು ಚರ್ಚೆಯಾಗುತ್ತದೆ, ನಿಮ್ಮ ಇಷ್ಟ ಹಿಂದಕ್ಕೆ ಸರಿಯುತ್ತದೆ. ಆಮೇಲೂ ನಡೆದರೆ ಒಂದು ಈಮೇಲ್‌ನಲ್ಲಿ ಅದೇ ಎರಡು ವಾಕ್ಯ ಬರೆದು ಕಳಿಸಿ. ತಾರೀಕು ದಾಖಲಾಗುತ್ತದೆ, ಎಚ್‌ಆರ್ ಬಳಿ ಹೋಗಬೇಕಾಗಿ ಬಂದರೆ ಅದೇ ಆಧಾರ. ಬಹಳ ಸಲ ಅಲ್ಲಿಯವರೆಗೆ ಹೋಗುವುದೇ ಇಲ್ಲ. ‘ಇಷ್ಟ ಆಗಲ್ಲ’ ಎಂದು ಯಾರೂ ಹೇಳದೇ ಇದ್ದದ್ದರಿಂದಲೇ ಅದು ನಡೆಯುತ್ತಿರುತ್ತದೆ.

ಫೋನಿನಲ್ಲಿ ಸ್ಪೆಲ್ಲಿಂಗ್ ಹೇಳುವಾಗ ಊರಿನ ಹೆಸರು ಹಿಡಿಯಿರಿ. ಎಚ್ ಹೊಸಪೇಟೆ, ಯು ಉಡುಪಿ, ಎಲ್ ಲಿಂಗಸೂಗೂರು, ಐ ಇಂಡಿಯಾ, ಜಿ ಗಂಗಾವತಿ, ಇ ಎಲಿಫೆಂಟ್, ಡಬಲ್ ಎಂ ಮಾನ್ವಿ, ಎ ಅಥಣಿ. ಒಟ್ಟು ಒಂಬತ್ತು ಅಕ್ಷರ ಎಂದು ಕೊನೆಗೆ ಎಣಿಕೆ ಹೇಳಿ. ಎಂ ಮತ್ತು ಎನ್ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ‘ಡಬಲ್’ ಅನ್ನುವುದು ಹಾರಿಹೋಗುತ್ತದೆ. ಎಣಿಕೆ ಹೇಳಿದರೆ ಎಂಟೇ ಅಕ್ಷರ ಬರೆದುಕೊಂಡವರು ಅವರಾಗಿಯೇ ನಿಲ್ಲುತ್ತಾರೆ.

ಇನ್ನು ಕಾಗದ. ಬಾಯಿಮಾತಿನ ನಿಯಮ ಇಲ್ಲಿ ನಡೆಯುವುದಿಲ್ಲ. ಮಾತಿನಲ್ಲಿ ನಿಮ್ಮ ಮನೆಯವರು ಕರೆಯುವ ಹೆಸರೇ ಸರಿ, ಅದರಲ್ಲಿ ರಾಜಿ ಬೇಡ. ಕಾಗದದಲ್ಲಿ ಮಾತ್ರ ಯಾವುದು ಸರಿ ಅನ್ನುವುದಕ್ಕಿಂತ ಯಾವುದನ್ನು ಅಲುಗಾಡಿಸುವುದು ಕಷ್ಟ ಎಂದು ನೋಡಬೇಕು. ಆ ಒಂದನ್ನು ಗೂಟ ಮಾಡಿಕೊಂಡು ಉಳಿದವನ್ನೆಲ್ಲ ಅದಕ್ಕೆ ಕಟ್ಟಬೇಕು. ಓದಿದವರಿಗೆ ಆ ಗೂಟ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ನಿಮ್ಮದು ಅಲ್ಲೇ ಸರಿ ಇದೆ, ಅರ್ಧ ಗೆದ್ದಿದ್ದೀರಿ. ಅದೇ ತಪ್ಪಾಗಿದ್ದು ಒಂದೇ ಅಕ್ಷರದ ವ್ಯತ್ಯಾಸವಾಗಿದ್ದರೆ, ಆ ತಪ್ಪು ಸ್ಪೆಲ್ಲಿಂಗನ್ನೇ ಎಲ್ಲ ಕಡೆ ಒಪ್ಪಿಕೊಂಡುಬಿಡಿ ಅನ್ನುವುದೇ ಹೆಚ್ಚಿನವರಿಗೆ ಕೊಡಬೇಕಾದ ಸಲಹೆ. ಊರಿನ ಹೆಸರನ್ನೇ ನೋಡಿ. ಕನ್ನಡದಲ್ಲಿ ಬಳ್ಳಾರಿ ಎಂದೇ ಇದ್ದ ಊರಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಸರಿಯಾದದ್ದು 2014ರ ನವೆಂಬರ್ 1ರಂದು, ಇನ್ನೂ ಹನ್ನೊಂದು ಊರುಗಳ ಜೊತೆ. ರೈಲ್ವೆ ಟಿಕೆಟ್‌ನಲ್ಲಿ ಸ್ಟೇಷನ್ ಕೋಡ್ ಮಾತ್ರ ಈಗಲೂ ಹಳೆಯ ಬಿ-ಎ-ವೈ. ರೈಲು ಅದರಿಂದ ದಾರಿ ತಪ್ಪಿಲ್ಲ.

ನಿಮ್ಮ ಆಧಾರ್ ‘ಹುಲ್ಗೆಮ್ಮ’ ಆದದ್ದು ಹೀಗಿರಬೇಕು. ಬಿರುಸಾಗಿ ಮಾತಾಡುವಾಗ ನಮ್ಮವರ ಬಾಯಲ್ಲಿ ಎರಡನೇ ಅಕ್ಷರದ ಇಕಾರ ಕರಗುತ್ತದೆ. ಆಪರೇಟರ್ ಕೇಳಿದಂತೆ ಇಂಗ್ಲಿಷ್‌ನಲ್ಲಿ ಎಂಟು ಅಕ್ಷರ ಟೈಪ್ ಮಾಡಿದರು, ಐ ಬಿಟ್ಟುಹೋಯಿತು. ಕನ್ನಡದ ಸಾಲನ್ನು ಸಾಫ್ಟ್‌ವೇರ್ ಆ ಇಂಗ್ಲಿಷ್‌ನಿಂದ ತಾನೇ ಮಾಡಿಕೊಂಡಿತು. ಅಂದರೆ ಕನ್ನಡದ ಹೆಸರು ಕನ್ನಡದವರ ಕೈಯಿಂದ ಇಂಗ್ಲಿಷಿಗೆ ಹೋಗಿ, ಯಂತ್ರದ ಕೈಯಿಂದ ಕನ್ನಡಕ್ಕೆ ವಾಪಸ್ ಬಂದಿದೆ. ಈ ಸುತ್ತಿನಲ್ಲಿ ಳ ಹೋಗಿ ಲ ಆಗುತ್ತದೆ, ಣ ಹೋಗಿ ನ ಆಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ.

ಆಧಾರ್ ಮೊದಲು ಸರಿಮಾಡಿಸಿ, ಉಳಿದದ್ದೆಲ್ಲ ಅದಕ್ಕೇ ತಾಳೆ ನೋಡುತ್ತದೆ. ಆಧಾರ್ ಕೇಂದ್ರಕ್ಕೆ ಹೋಗುವಾಗ ಮಾರ್ಕ್ಸ್ ಕಾರ್ಡಿನ ಮೂಲಪ್ರತಿ, ಜೊತೆಗೆ ಹೆಸರು ಸರಿಯಾಗಿರುವ ಫೋಟೊ ಇರುವ ಇನ್ನೊಂದು ಗುರುತಿನ ದಾಖಲೆ ಇರಲಿ. ಶುಲ್ಕ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ನೆನಪಿಡಬೇಕಾದದ್ದು ಒಂದೇ: ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಅವಕಾಶ. ಒಂದನ್ನು ಅವಸರಕ್ಕೆ ಕಳೆದುಕೊಳ್ಳಬೇಡಿ. ಆಪರೇಟರ್ ಸಲ್ಲಿಸುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ಎರಡೂ ಸಾಲನ್ನು ಬೆರಳಿಟ್ಟು ಓದಿ. ಎಷ್ಟೋ ಜನ ಇಂಗ್ಲಿಷ್ ಮಾತ್ರ ನೋಡಿ ಕನ್ನಡದ ಸಾಲು ಬಿಡುತ್ತಾರೆ. ಅದು ಯಂತ್ರ ಬರೆದದ್ದು, ತಪ್ಪುವುದು ಅಲ್ಲೇ. ಅದನ್ನು ಕೈಯಿಂದ ತಿದ್ದಲು ಬರುತ್ತದೆ, ಕೇಳಬೇಕಷ್ಟೆ. ಕೊಡುವ ಸ್ವೀಕೃತಿ ಚೀಟಿಯಲ್ಲಿ ಇನ್ನೊಮ್ಮೆ ಓದಿ, ಅಲ್ಲೇ ನಿಂತು. ಏನಾದರೂ ತೊಡಕಾದರೆ 1947ಕ್ಕೆ ಫೋನ್ ಮಾಡಬಹುದು.

ಆಧಾರ್ ಬಂದ ಮೇಲೆ ಪಾನ್, ಆಮೇಲೆ ಪಿಎಫ್, ಕೊನೆಗೆ ಬ್ಯಾಂಕ್. ಪಿಎಫ್‌ನವರು ಹೆಸರನ್ನು ಆಧಾರ್ ಜೊತೆ ಹೊಂದಿಸಿ ನೋಡುತ್ತಾರೆ. ಆಧಾರ್ ತಪ್ಪಿರುವಾಗಲೇ ಪಿಎಫ್ ತಿದ್ದಲು ಹೋದರೆ ಅರ್ಜಿ ವಾಪಸ್ ಬರುತ್ತದೆ. ಸಾಲಿನಲ್ಲಿ ಹಿಂದುಮುಂದಾದವರೇ ಆರಾರು ತಿಂಗಳು ಅಲೆಯುವುದು. ನಿಮ್ಮ ‘ಹುಲಿಗಮ್ಮ’ದಲ್ಲಿ ಇಂಗ್ಲಿಷ್‌ನ ಇ ಬದಲು ಎ ಬಿದ್ದಿದೆ, ಕೆಲಸಕ್ಕೆ ಸೇರುವ ದಿನ ಎಚ್‌ಆರ್ ಕಿವಿಯಿಂದ ಕೇಳಿ ತುಂಬಿರಬೇಕು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ಅಡಿ ಸಿಗುವ ಮೀಸಲಾತಿಯ ಪ್ರಮಾಣಪತ್ರ ಮುಂದೆ ಬೇಕಾದರೆ ಅದಕ್ಕೂ ಈ ಹೊಂದಾಣಿಕೆ ಮುಗಿದ ಮೇಲೇ ಅರ್ಜಿ ಹಾಕಿ.

ಕನ್ನಡದಲ್ಲಿ ಟೈಪ್ ಮಾಡಿದ ದಾಖಲೆಯಲ್ಲಿ ಕಣ್ಣಿಗೆ ಕಾಣದ ಒಂದು ತಪ್ಪು ಇರುತ್ತದೆ. ನಿಂಗಪ್ಪ ಎಂಬ ಹೆಸರು ತೆಗೆದುಕೊಳ್ಳಿ. ಅದರ ಸೊನ್ನೆ ಅನುಸ್ವಾರ. ಅವಸರದಲ್ಲಿ ಎಷ್ಟೋ ಜನ ಅಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿ ‘ನಿ೦ಗಪ್ಪ’ ಮಾಡಿಬಿಡುತ್ತಾರೆ. ನೋಡಲು ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಒಂದು ಹೆಸರು, ಇನ್ನೊಂದು ನಡುವೆ ಅಂಕಿ ಸಿಕ್ಕಿಕೊಂಡ ಅಕ್ಷರಗಳು. ಹುಡುಕಿದರೆ ಸಿಗುವುದಿಲ್ಲ, ಹೊಂದಿಸಿದರೆ ಹೊಂದುವುದಿಲ್ಲ. ‘ಹೆಸರು ಸರಿ ಇದೆ ರೀ, ಆದ್ರೂ ಮಿಸ್‌ಮ್ಯಾಚ್ ತೋರಸ್ತದ’ ಎಂದು ಕಂಪ್ಯೂಟರ್ ಮುಂದೆ ಕೂತವರು ತಲೆ ಕೆರೆದುಕೊಂಡಾಗ ಮೊದಲು ಈ ಸೊನ್ನೆಯನ್ನು ಅಳಿಸಿ ಮತ್ತೆ ಒತ್ತಲು ಹೇಳಿ. ಸಂಗಪ್ಪ, ಗಂಗಮ್ಮ, ಶಂಕ್ರಪ್ಪ ಎಲ್ಲರಿಗೂ ಈ ಕಾಟ ಉಂಟು.

ಅಪ್ಪನ ವಿಷಯ. ಯಂಕಪ್ಪ ಅನ್ನುವುದು ವೆಂಕಪ್ಪನ ತಪ್ಪು ರೂಪ ಅಲ್ಲ. ನಮ್ಮ ಕಡೆ ಪದದ ಮೊದಲಿನ ಎಕಾರ ಯಕಾರವಾಗುತ್ತದೆ, ಎಲ್ಲಮ್ಮ ಯಲ್ಲಮ್ಮ ಆದ ಹಾಗೆ. ವಕಾರ ಬಿದ್ದುಹೋಗುತ್ತದೆ, ವೀರಣ್ಣ ಈರಣ್ಣ ಆದ ಹಾಗೆ. ಲಿಂಗಪ್ಪ ನಿಂಗಪ್ಪ ಆದದ್ದೂ ಹಾಗೇ. ಇವು ತಲೆಮಾರುಗಳಿಂದ ನಡೆದುಬಂದ ಸ್ವತಂತ್ರ ಹೆಸರುಗಳು. ಶಾಲೆಯಲ್ಲಿ ಯಾರೋ ಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ‘ಶುದ್ಧ’ ಮಾಡಿ ವೆಂಕಪ್ಪ ಎಂದು ಬರೆದಿರುತ್ತಾರೆ. ಹೆಸರು ಕೆಡಿಸುವವರಲ್ಲಿ ನಾಲಿಗೆ ತಿರುಗದವರಿಗಿಂತ ವ್ಯಾಕರಣ ಬಲ್ಲವರೇ ಹೆಚ್ಚು ಅಪಾಯ, ಯಾಕೆಂದರೆ ಅವರು ರಿಜಿಸ್ಟರಿನಲ್ಲಿ ಬರೆಯುತ್ತಾರೆ.

ಹಳೆಯ ಪಹಣಿಗಳ ಗೊಂದಲಕ್ಕೆ ಇನ್ನೂ ಹಿಂದಿನ ಬೇರಿದೆ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದ ಕಡತ ಉರ್ದುವಿನಲ್ಲಿ. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಳಕಾರಕ್ಕೆ ಬೇರೆ ಅಕ್ಷರ ಇಲ್ಲ. ಅದನ್ನು ಕನ್ನಡಕ್ಕೆ ಇಳಿಸಿದವರು ಸ್ವರಗಳನ್ನು ಅಂದಾಜಿನಲ್ಲಿ ತುಂಬಬೇಕಾಯಿತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿನ ಗೊಂದಲ ಇಂಗ್ಲಿಷ್ ಮತ್ತು ತೆಲುಗಿನದು. ಎರ್ರಿಸ್ವಾಮಿ, ಯರ್ರಿಸ್ವಾಮಿ, ಎರಿಸ್ವಾಮಿ ಮೂರೂ ಒಂದೇ ಮನೆಯ ಕಾಗದದಲ್ಲಿ ಇರಬಹುದು. ತೆಲುಗಿನ ರೂಢಿಯಂತೆ ಮನೆ ಹೆಸರು ಮುಂದೆ, ನಮ್ಮ ಉತ್ತರ ಕರ್ನಾಟಕದ ರೂಢಿಯಂತೆ ಅಡ್ಡಹೆಸರು ಹಿಂದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದಾಗ ಬಳ್ಳಾರಿಯವರು ತಡವರಿಸುವುದು ಇದಕ್ಕೇ.

ಪಹಣಿಯಲ್ಲಿ ಅಪ್ಪನ ಹೆಸರು ಯಂಕಪ್ಪ, ಅವರ ಆಧಾರ್‌ನಲ್ಲೂ ಯಂಕಪ್ಪ ಇದ್ದರೆ ಅದನ್ನು ಮುಟ್ಟಲೇಬೇಡಿ. ಬೆಳೆ ಪರಿಹಾರ, ಭತ್ತ ಖರೀದಿ, ರೈತರ ನೋಂದಣಿಯ ಫ್ರೂಟ್ಸ್ ಐಡಿ ಎಲ್ಲಕ್ಕೂ ಆ ಎರಡು ಹೊಂದಿದರೆ ಸಾಕು. ನಿಮ್ಮ ಮಾರ್ಕ್ಸ್ ಕಾರ್ಡಿನ ವೆಂಕಪ್ಪನಿಗಾಗಿ ‘ಯಂಕಪ್ಪ, ವೆಂಕಪ್ಪ ಎರಡೂ ಒಬ್ಬರೇ’ ಎಂಬ ಅಫಿಡವಿಟ್ ಒಂದನ್ನು ಛಾಪಾ ಕಾಗದದ ಮೇಲೆ ಮಾಡಿಸಿ, ನೋಟರಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ಬಹಳ ಕಡೆ ಅಷ್ಟೇ ನಡೆಯುತ್ತದೆ. ಮಾರ್ಕ್ಸ್ ಕಾರ್ಡನ್ನೇ ತಿದ್ದಿಸಬೇಕೆಂದರೆ ದಾರಿ ಉದ್ದ: ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಏನಿದೆ ನೋಡಬೇಕು, ಹೆಡ್ ಮಾಸ್ತರ ಮೂಲಕವೇ ಮಂಡಳಿಗೆ ಪ್ರಸ್ತಾವ ಹೋಗಬೇಕು. ರಿಜಿಸ್ಟರಿನಲ್ಲಿ ಯಂಕಪ್ಪ ಎಂದಿದ್ದು ಕಾರ್ಡಿನಲ್ಲಿ ಮಾತ್ರ ತಪ್ಪಿದ್ದರೆ ಸುಲಭ. ರಿಜಿಸ್ಟರೇ ತಪ್ಪಿದ್ದರೆ ಕಷ್ಟ. ಸಿಬಿಎಸ್‌ಇಗೆ ಸಂಬಂಧಿಸಿದ ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್ 3ರಂದು ಕೊಟ್ಟ ತೀರ್ಪು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಲೂ ಜಗಳ ಇದ್ದದ್ದು ತಂದೆ ತಾಯಿಯ ಹೆಸರಿನ ಬಗ್ಗೆಯೇ. ತನ್ನ ಹೆಸರಿನ ಮೇಲಿನ ಹಿಡಿತ ವ್ಯಕ್ತಿಯ ಮೂಲಭೂತ ಹಕ್ಕಿನ ಭಾಗ, ಪರೀಕ್ಷಾ ಮಂಡಳಿ ತಿದ್ದುಪಡಿಯ ಬಾಗಿಲನ್ನು ಪೂರ್ತಿ ಮುಚ್ಚುವಂತಿಲ್ಲ ಎಂದು ಕೋರ್ಟ್ ಹೇಳಿತು. ಕಚೇರಿಯಲ್ಲಿ ‘ಆಗೋದೇ ಇಲ್ಲ’ ಅಂದರೆ ಲಿಖಿತವಾಗಿ ಕೊಡಿ ಎಂದು ಕೇಳಿ.

‘ಹೇಮಾ’ ಬಗ್ಗೆ. ಬದಲಿಸಿಕೊಳ್ಳುವ ಹಕ್ಕು ನಿಮ್ಮದು, ಅದನ್ನು ಯಾರೂ ಬೇಡ ಅನ್ನುವಂತಿಲ್ಲ. ಆದರೆ ಲೆಕ್ಕ ತಿಳಿದಿರಲಿ. ಅಫಿಡವಿಟ್, ಪತ್ರಿಕೆಗಳಲ್ಲಿ ಜಾಹೀರಾತು, ರಾಜಪತ್ರದಲ್ಲಿ ಪ್ರಕಟಣೆ, ಆಧಾರ್‌ನ ಎರಡು ಅವಕಾಶದಲ್ಲಿ ಒಂದು. ಇಷ್ಟೆಲ್ಲ ಆದ ಮೇಲೂ ಎಸ್ಸೆಸ್ಸೆಲ್ಸಿ ಹಳೆಯ ಹೆಸರಿನಲ್ಲೇ ಇರುತ್ತದೆ, ಪ್ರತಿ ಹೊಸ ಕೆಲಸಕ್ಕೂ ರಾಜಪತ್ರದ ಪ್ರತಿ ಹಿಡಿದುಕೊಂಡು ಹೋಗಬೇಕು. ಎರಡು ತಪ್ಪು ಸ್ಪೆಲ್ಲಿಂಗಿಂದ ತಪ್ಪಿಸಿಕೊಳ್ಳಲು ಎರಡು ಪೂರ್ತಿ ಹೆಸರು ಹೊತ್ತುಕೊಂಡ ಹಾಗೆ. ಕರೆಯಲು ಚಿಕ್ಕ ಹೆಸರು ಬೇಕೆನಿಸಿದರೆ ಕಾಗದ ಮುಟ್ಟದೆ ನೀವೇ ಒಂದನ್ನು ಕೊಡಬಹುದು. ಮನೆಯಲ್ಲಿ ‘ಹುಲಿಗಿ’ ಅಂತಲೋ ‘ಗೆಮ್ಮಿ’ ಅಂತಲೋ ಕರೆಯುತ್ತಿದ್ದರೆ ಅದನ್ನೇ ಕೊಡಿ. ನೀವು ಕೊಟ್ಟದ್ದಕ್ಕೂ ಅವರು ಕತ್ತರಿಸಿಕೊಂಡದ್ದಕ್ಕೂ ಇರುವ ವ್ಯತ್ಯಾಸ ಕರೆಸಿಕೊಂಡ ಮೊದಲ ದಿನವೇ ನಿಮಗೆ ಗೊತ್ತಾಗುತ್ತದೆ.

ಅಣ್ಣನ ಮಗಳದ್ದು ಸುಲಭ, ಈಗಲೇ ಮಾಡಿದರೆ. ಮೊದಲು ಜನನ ಪ್ರಮಾಣಪತ್ರ ತೆಗೆದು ಅದರಲ್ಲಿ ಹೆಸರು ಇದೆಯೇ ನೋಡಿ. ಆಸ್ಪತ್ರೆಯಲ್ಲಿ ನೋಂದಣಿ ಆಗುವಾಗ ಕೂಸಿಗೆ ಹೆಸರೇ ಇಟ್ಟಿರುವುದಿಲ್ಲ, ಎಷ್ಟೋ ಪ್ರಮಾಣಪತ್ರದಲ್ಲಿ ಆ ಜಾಗ ಖಾಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರು ಸೇರಿಸಲು ಅವಕಾಶ ಇದೆ: ಒಂದು ವರ್ಷದೊಳಗೆ ಉಚಿತ, ಆಮೇಲೆ ಹದಿನೈದು ವರ್ಷದವರೆಗೆ ತಡ ಶುಲ್ಕ ಕಟ್ಟಿ. ಹೆಸರು ತಪ್ಪಿದ್ದರೆ ಅದೇ ಕಾಯ್ದೆಯ 15ನೇ ಕಲಮಿನಡಿ ತಿದ್ದಿಸಬಹುದು. ಹಳೆಯ ನಮೂದನ್ನು ಅಳಿಸದೆ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಕು ಹಾಕುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗಂತೂ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಆ ಒಂದು ಪ್ರಮಾಣಪತ್ರವೇ ಜನ್ಮ ದಿನಾಂಕಕ್ಕೆ ಆಧಾರ. ಮನೆಯಲ್ಲಿ ಇನ್ನೊಂದು ಸಣ್ಣ ಕೂಸಿದ್ದರೆ ಅದರದ್ದೂ ನೋಡಿಬಿಡಿ.

ಶಾಲೆಯ ಅರ್ಜಿಯನ್ನು ಹುಡುಗಿಯ ಅವ್ವ ಬಾಯಿಂದ ಹೇಳಿ, ಮಾಸ್ತರು ಬರೆದುಕೊಳ್ಳುವ ಹಾಗೆ ಮಾಡಬೇಡಿ. ಜನನ ಪ್ರಮಾಣಪತ್ರ ಎದುರಿಗಿಟ್ಟುಕೊಂಡು ನಿಮ್ಮಣ್ಣನೇ ಕನ್ನಡದ ಸಾಲನ್ನು ಮೊದಲು, ಇಂಗ್ಲಿಷ್ ಸಾಲನ್ನು ಆಮೇಲೆ, ಬಿಡಿಬಿಡಿ ಅಕ್ಷರದಲ್ಲಿ ತುಂಬಲಿ. ಕೂಡಿಸಿ ಬರೆದ ಕೈಬರಹದಲ್ಲಿ ಪ, ಷ, ಮ, ಯ ಒಂದಕ್ಕೊಂದು ಬೆರೆತು ಯಮನಪ್ಪ ಮಯನಪ್ಪ ಆಗುವುದು ಅಪರೂಪವಲ್ಲ. ಅಪ್ಪನ ಹೆಸರು, ಅವ್ವನ ಹೆಸರು ಅವರವರ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ, ‘ಶುದ್ಧ’ ಮಾಡುವುದು ಬೇಡ. ಒಂದು ವಾರ ಬಿಟ್ಟು ಹೋಗಿ ಶಾಲಾ ಮಕ್ಕಳ ವಿವರ ಇಡುವ ಸರ್ಕಾರಿ ತಂತ್ರಾಂಶ ಸ್ಯಾಟ್ಸ್‌ನಲ್ಲಿ ಹೆಸರು ಹೇಗೆ ಏರಿದೆ ಎಂದು ಕಂಪ್ಯೂಟರಿನಲ್ಲೇ ನೋಡಿ ಬರಲಿ. ಒಂಬತ್ತು ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವವರ ಪಟ್ಟಿಯಾದ ನಾಮಿನಲ್ ರೋಲ್‌ಗೆ ಹೋಗುವುದು ಅಲ್ಲಿರುವ ಹೆಸರೇ. ಆಗ ಸಹಿ ಹಾಕುವ ಮುನ್ನ ಹುಡುಗಿ ತಾನೇ ಓದಿ ನೋಡಲಿ. ಅಷ್ಟರಲ್ಲಿ ಅವಳಿಗೆ ತನ್ನ ಹೆಸರಿನ ಅಕ್ಷರ ಎಷ್ಟು ಎಂದು ಎಣಿಸಿ ಹೇಳಲು ಬರುತ್ತಿರಲಿ.